ಓಪನಿಂಗ್ ಅಭ್ಯಾಸಕ್ಕೆ ಚೆಸ್ ಸಾಫ್ಟ್‌ವೇರ್: ಎಂಜಿನ್ ಎಷ್ಟು, ಡೇಟಾಬೇಸ್ ಎಷ್ಟು, ಉರು ಹೊಡೆಯೋದು ಎಷ್ಟು?

ಕರಿಕಾಲಾಳು

1400ರಿಂದ 1700 ರೇಟಿಂಗ್ ಮಟ್ಟದ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಿದ್ದೇನೆ. ನಡೆಗಳನ್ನು ಲೆಕ್ಕಹಾಕಿ ಅಂಕಿ ಕೊಡೋ ಎಂಜಿನ್ ಸ್ಟಾಕ್‌ಫಿಶ್ ಇದೆ, ಲೀಚೆಸ್ ಜಾಲತಾಣದ ಓಪನಿಂಗ್ ಎಕ್ಸ್‌ಪ್ಲೋರರ್ (ಆಡಿದ ಆಟಗಳ ಡೇಟಾಬೇಸ್) ಇದೆ, ಓಪನಿಂಗ್ ಅಂದ್ರೆ ಆಟದ ಶುರುವಿನ ನಡೆಗಳನ್ನು ಉರು ಹೊಡೆಸೋ ಚೆಸೆಬಲ್ ತರಹದ ಟ್ರೈನರ್‌ಗಳಿವೆ, ಆಟಗಳನ್ನು ಕೂಡಿಡೋ ಸ್ಕಿಡ್, ಚೆಸ್‌ಬೇಸ್ ಎಲ್ಲ ಇವೆ. ಯಾವುದನ್ನು ಯಾವ ಕ್ರಮದಲ್ಲಿ ಬಳಸಬೇಕು ಅನ್ನೋದೇ ಗೊಂದಲ. 12 ನಡೆವರೆಗೆ ಬಾಯಿಪಾಠ ಮಾಡಿದವರೂ ಎದುರಾಳಿ 5ನೇ ನಡೆಗೇ ದಾರಿ ಬಿಟ್ಟರೆ ತಬ್ಬಿಬ್ಬಾಗ್ತಾರೆ. ಎಂಜಿನ್ ಕೇಳಿದರೆ +0.4 (ಬಿಳಿಗೆ ತುಸು ಮೇಲುಗೈ) ಅಂತ ತೋರಿಸಿ ಸುಮ್ಮನಾಗುತ್ತೆ. ಯಾಕೆ +0.4 ಅಂತ ಹೇಳೋರು ಯಾರು?

ಎಂಟನೇಮನೆ

ಮೊದಲು ಡೇಟಾಬೇಸ್, ಆಮೇಲೆ ಎಂಜಿನ್, ಆಮೇಲೆ ಟ್ರೈನರ್. ಬಹಳಷ್ಟು ಜನ ಇದನ್ನು ತಲೆಕೆಳಗು ಮಾಡ್ತಾರೆ. ಎಂಜಿನ್ ತೆರೆದು, ಅದು ಹೇಳಿದ ನಡೆಗೆ ಅದೇ ಹೇಳಿದ ಉತ್ತರ ಸೇರಿಸಿಕೊಂಡು, 18 ನಡೆ ಉದ್ದದ ಒಂದು ಸಾಲು ಕಟ್ಟಿಕೊಳ್ತಾರೆ. ಆ ಸಾಲು ಪಟದ ಮೇಲೆ ಎಂದೂ ಬರಲ್ಲ, ಯಾಕಂದ್ರೆ ಎದುರಿಗೆ ಕೂತವರು ಎಂಜಿನ್ ಅಲ್ಲ.

ಲೆಕ್ಕ ಹಾಕಿ ನೋಡಿ. ನಿಮ್ಮ ಕಡೆ ಪ್ರತಿ ಸಲ ಒಂದೇ ನಡೆ, ಎದುರಾಳಿಗೆ ಪ್ರತಿ ಸಲ 3 ಉತ್ತರ ಅಂತ ಇಟ್ಟುಕೊಂಡರೂ, ಅವರು 6 ಸಲ ಆಡೋ ಹೊತ್ತಿಗೆ 729 ಕೊಂಬೆಗಳಾಗ್ತವೆ. 2 ಉತ್ತರ ಅಂದ್ರೆ 64. ಹಾಗಾಗಿ ಏನನ್ನು ಬಿಡಬೇಕು ಅನ್ನೋದೇ ಇಲ್ಲಿ ದೊಡ್ಡ ಕೆಲಸ, ಅದನ್ನು ಎಂಜಿನ್ ಮಾಡಿಕೊಡಲ್ಲ. ಎಷ್ಟು ಸಲ ಆಡ್ತಾರೆ ಅನ್ನೋ ಅಂಕಿ ಮಾಡಿಕೊಡುತ್ತೆ.

ಲೀಚೆಸ್ ಎಕ್ಸ್‌ಪ್ಲೋರರ್‌ನಲ್ಲಿ ಮೂರು ಪುಟ ಇವೆ: ಮಾಸ್ಟರ್ಸ್, ಲೀಚೆಸ್, ಆಟಗಾರ. ನಡುವಿನದನ್ನು ತೆರೆದು, ಗೇರ್ ಗುರುತು ಒತ್ತಿ, ರೇಟಿಂಗ್‌ನಲ್ಲಿ ನಿಮ್ಮ ಮಟ್ಟದ ಎರಡು ಗುಂಪು ಮಾತ್ರ ಉಳಿಸಿ (1400 ಮತ್ತು 1600, ಅಥವಾ 1600 ಮತ್ತು 1800). ವೇಗದಲ್ಲಿ ಬುಲೆಟ್ (ತೀರಾ ವೇಗದ ಆಟ) ತೆಗೆದು ಬ್ಲಿಟ್ಸ್, ರ‍್ಯಾಪಿಡ್, ಕ್ಲಾಸಿಕಲ್ ಇಡಿ. ಈಗ ನಿಮ್ಮ ಮೊದಲ ನಡೆ ಆಡಿ, ಎದುರಾಳಿಯ ಪ್ರತಿ ಉತ್ತರದ ಶೇಕಡಾ ನೋಡಿ. ದಾರಿಯುದ್ದಕ್ಕೂ ಶೇಕಡಾಗಳನ್ನು ಗುಣಿಸುತ್ತಾ ಹೋಗಿ. ಒಂದು ಕಡೆ 20%, ಮುಂದೆ 50%, ಅದರ ಮುಂದೆ 10% ಅಂದ್ರೆ ಆ ಸ್ಥಿತಿ 100 ಆಟಕ್ಕೆ ಒಂದು ಸಲ ಬರುತ್ತೆ. ಅಲ್ಲಿಗೆ ಕತ್ತರಿಸಿ. ಈ 1% ಗಡಿ ಇಟ್ಟುಕೊಂಡರೆ ಒಂದು ಬಣ್ಣಕ್ಕೆ ಬೇಕಾದ ಸಾಲುಗಳು ಕೈಯಲ್ಲಿ ಹಿಡಿಯುವಷ್ಟಕ್ಕೆ ಇಳಿಯುತ್ತವೆ. ಹೆಚ್ಚು ಬರೋ ದಾರಿ 9–10 ನಡೆ ಉದ್ದ ಇರುತ್ತೆ, ಅಪರೂಪದ್ದು 4ಕ್ಕೇ ನಿಲ್ಲುತ್ತೆ. ಎಲ್ಲ ಸಾಲೂ ಒಂದೇ ಉದ್ದ ಇದ್ದರೆ ಅದು ಸೋಮಾರಿತನದಲ್ಲಿ ಕಟ್ಟಿದ ಫೈಲ್.

ಒಂದೇ ವಿನಾಯಿತಿ: ಅಪರೂಪಕ್ಕೆ ಬಂದರೂ ಗೊತ್ತಿಲ್ಲದಿದ್ದರೆ ಅಲ್ಲೇ ಆಟ ಮುಗಿಸುವ ಬಲೆಗಳು. ಅವಕ್ಕೆ 1% ನಿಯಮ ಬೇಡ.

ಕುದುರೆಜಿಗಿತ

ಮಾಸ್ಟರ್ಸ್ ಪುಟ ಯಾಕೆ ಸಾಲದು ಅನ್ನೋದಕ್ಕೆ ಕರಿಯವರು ಕಾಲಾಳು ಬಲಿಕೊಟ್ಟು ಬಲೆ ಬೀಸೋ ಸ್ಟಾಫರ್ಡ್ ಗ್ಯಾಂಬಿಟ್‌ಗಿಂತ ಒಳ್ಳೆ ಉದಾಹರಣೆ ಇಲ್ಲ.

1. ಇ4 ಇ5 2. ಕುದುರೆ ಎಫ್3 ಕುದುರೆ ಎಫ್6 3. ಕುದುರೆ×ಇ5 ಕುದುರೆ ಸಿ6 4. ಕುದುರೆ×ಸಿ6 ಡಿ×ಸಿ6. (ಮೊದಲು ಬಿಳಿಯ ನಡೆ, ಆಮೇಲೆ ಕರಿಯದು; × ಅಂದ್ರೆ ತಿನ್ನೋದು.)

ಮಾಸ್ಟರ್ಸ್ ಅಂದ್ರೆ 2200ಕ್ಕಿಂತ ಮೇಲಿನ ಫಿಡೆ (ವಿಶ್ವ ಚೆಸ್ ಒಕ್ಕೂಟ) ರೇಟಿಂಗ್‌ನವರು ಬೋರ್ಡಿನ ಮುಂದೆ ಕೂತು ಆಡಿದ ಆಟಗಳು, ಅಲ್ಲಿ ಈ ಸ್ಥಿತಿ ಬೆರಳೆಣಿಕೆಯಷ್ಟು. ಎಂಜಿನ್ ಬಿಳಿಗೆ ಸ್ಪಷ್ಟ ಮೇಲುಗೈ ಅನ್ನುತ್ತೆ. ಹಾಗಂತ ಬಿಟ್ಟುಬಿಟ್ಟರೆ ಏನಾಗುತ್ತೆ? 5. ಡಿ3 ಒಂಟೆ ಸಿ5, ಈಗ ಕೈ ತಾನಾಗಿ ಆಡೋ ನಡೆ 6. ಒಂಟೆ ಜಿ5. ಕುದುರೆಯನ್ನು ರಾಣಿಗೆ ಕಟ್ಟಿಹಾಕಿದ ಹಾಗೆ ಕಾಣುತ್ತೆ. ಉತ್ತರ 6... ಕುದುರೆ×ಇ4! 7. ಒಂಟೆ×ಡಿ8 ಒಂಟೆ×ಎಫ್2 ಚೆಕ್ 8. ರಾಜ ಇ2 ಒಂಟೆ ಜಿ4, ಮೇಟ್. ರಾಣಿ ತಗೊಂಡವರೇ ಸೋತರು. 7. ಡಿ×ಇ4 ಅಂತ ಕುದುರೆ ತಿಂದರೂ 7... ಒಂಟೆ×ಎಫ್2 ಚೆಕ್ ಬಂದು ಬಿಳಿ ರಾಣಿ ಹೋಗುತ್ತೆ.

6. ಒಂಟೆ ಇ2 ಆಡಿದರೆ ಬಿಳಿ ಆರಾಮ. ಆಮೇಲೆ ಸಿ3, ಡಿ4 ತಳ್ಳಿ ಸಿ5ರ ಒಂಟೆಯನ್ನು ಓಡಿಸೋದು. ಅಂದ್ರೆ ಇಲ್ಲಿ ನೆನಪಿಡಬೇಕಾದ್ದು ಒಂದು ಒಂಟೆಯ ಮನೆ, ಒಂದು ಯೋಜನೆ. ಎಂಜಿನ್ ಮೇಲುಗೈ ಅಂದದ್ದು ನಿಜ, ಆದರೆ ಅದು ಆ ಮನೆ ಗೊತ್ತಿದ್ದವರಿಗೆ ಮಾತ್ರ ಸಿಗೋ ಮೇಲುಗೈ.

ಅರವತ್ನಾಲ್ಕು

ಎಂಜಿನ್ ಅಂಕಿಯ ಬಗ್ಗೆ. ಸ್ಟಾಕ್‌ಫಿಶ್ 15.1ರಿಂದ (2022ರ ಡಿಸೆಂಬರ್) +1.00 ಅಂದ್ರೆ ಒಂದು ಕಾಲಾಳು ಹೆಚ್ಚು ಅಂತಲ್ಲ. ಎಂಜಿನ್ ತನ್ನ ಜೊತೆ ತಾನೇ ಆಡಿದರೆ ಗೆಲ್ಲೋ ಸಾಧ್ಯತೆ 50% ಅಂತ. ಆಟ ಶುರುವಾಗುವ ಸ್ಥಿತಿಯಲ್ಲೇ ಬಿಳಿಗೆ 0.2–0.3 ತೋರಿಸುತ್ತೆ. ಆದ್ದರಿಂದ 1700 ಮಟ್ಟದಲ್ಲಿ +0.35 ಮತ್ತು +0.20 ನಡುವೆ ವ್ಯತ್ಯಾಸ ಇಲ್ಲ ಅಂತಲೇ ತಿಳಿಯಿರಿ. ಅಂಥ ಕಡೆ ಯಾವ ನಡೆ ಅರ್ಥವಾಗುತ್ತೋ ಅದನ್ನೇ ಆರಿಸಿ.

ಸೆಟ್ಟಿಂಗ್ ಹೀಗಿರಲಿ: ಥ್ರೆಡ್ಸ್ (ಒಟ್ಟಿಗೆ ಓಡೋ ಲೆಕ್ಕಗಳು) ನಿಮ್ಮ ಕಂಪ್ಯೂಟರಿನ ಕೋರ್‌ಗಳಿಗಿಂತ ಒಂದು ಕಡಿಮೆ. ಹ್ಯಾಶ್ (ಎಂಜಿನ್ ಕಂಡದ್ದನ್ನು ನೆನಪಿಡೋ ಜಾಗ) 1024 ಎಂಬಿ (ತಾನಾಗಿ ಇರೋದು 16 ಮಾತ್ರ, ಉದ್ದದ ವಿಶ್ಲೇಷಣೆಗೆ ಸಾಲದು). ಮಲ್ಟಿಪಿವಿ (ಒಟ್ಟಿಗೆ ತೋರಿಸೋ ಸಾಲುಗಳು) 3. ಒಂದೇ ಸಾಲು ತೋರಿಸೋ ಎಂಜಿನ್ ಮೋಸ ಮಾಡುತ್ತೆ: ಎರಡನೇ ನಡೆ 0.05 ಹಿಂದಿದೆಯೋ 2.00 ಹಿಂದಿದೆಯೋ ಗೊತ್ತೇ ಆಗಲ್ಲ. ಮೂರೂ ನಡೆ ಹತ್ತಿರ ಹತ್ತಿರ ಇದ್ದರೆ ಅಲ್ಲಿ ನೆನಪಿನ ಕೆಲಸವಿಲ್ಲ, ತಿಳಿವಳಿಕೆ ಸಾಕು. ಮೊದಲನೆಯದು +0.3, ಉಳಿದವು -1 ಅಂತಿದ್ದರೆ ಅದು ‘ಒಂದೇ ನಡೆ’ಯ ಸ್ಥಿತಿ, ಫೈಲ್‌ನಲ್ಲಿ ಕೆಂಪು ಗುರುತು ಹಾಕಿ. ಉರು ಹೊಡೆಯಬೇಕಾದ್ದು ಅಂಥವನ್ನು.

ಮಲ್ಟಿಪಿವಿ ಏರಿಸಿದಷ್ಟೂ ಆಳ (ಎಂಜಿನ್ ಎಷ್ಟು ಮುಂದೆ ನೋಡುತ್ತೆ ಅನ್ನೋದು) ಏರೋದು ನಿಧಾನ ಆಗುತ್ತೆ ಅನ್ನೋದು ನೆನಪಿರಲಿ. 10 ಇಟ್ಟು, ಆಳ 18ರ ಅಂಕಿ ನೋಡಿ ತೀರ್ಪು ಕೊಡಬೇಡಿ.

ಮಧ್ಯದಾಟ

ಆಳ 40 ಮುಟ್ಟೋವರೆಗೆ ಬಿಟ್ಟರೆ ಸರಿಯಾದ ಉತ್ತರ ಬರುತ್ತಲ್ಲ? ರಾತ್ರಿಯೆಲ್ಲ ಓಡಿಸಿದರೆ ಆಯ್ತು.

ಅರವತ್ನಾಲ್ಕು

ಬೇಡ. ಒಂದೇ ಸ್ಥಿತಿಯಲ್ಲಿ ನಿಲ್ಲಿಸಿ ಓಡಿಸೋದಕ್ಕಿಂತ ಮುಂದೆ ಹೋಗಿ ಹಿಂದೆ ಬರೋದು ಲೇಸು. ಎಂಜಿನ್ ಮೆಚ್ಚಿದ ಸಾಲಲ್ಲಿ 5–6 ನಡೆ ಆಡಿ, ಅಲ್ಲಿ ಒಂದು ನಿಮಿಷ ಬಿಡಿ, ಹ್ಯಾಶ್ ಅಳಿಸದೆ ಒಂದೊಂದೇ ನಡೆ ಹಿಂದಕ್ಕೆ ಬನ್ನಿ. ಮುಂದೆ ಕಂಡದ್ದು ಹ್ಯಾಶ್‌ನಲ್ಲಿ ಉಳಿದಿರುತ್ತೆ, ಹಿಂದಿನ ಸ್ಥಿತಿಯ ಅಂಕಿ ಅದಕ್ಕೆ ತಕ್ಕಂತೆ ಬದಲಾಗುತ್ತೆ. +0.6 ಇದ್ದದ್ದು 0.1ಕ್ಕೆ ಇಳಿದರೆ ಆ ಸಾಲಿನ ಹೊಳಪು ಅಲ್ಲಿಗೆ ಮುಗೀತು.

ಮುಚ್ಚಿದ ಸ್ಥಿತಿಗಳಲ್ಲಿ ಅಂಕಿಯನ್ನು ಇನ್ನೂ ಕಮ್ಮಿ ನಂಬಿ. ಕಿಂಗ್ಸ್ ಇಂಡಿಯನ್ ಓಪನಿಂಗ್‌ನಲ್ಲಿ ಡಿ5ಕ್ಕೆ ಕಾಲಾಳು ಬಂದು ಮಧ್ಯ ಬೀಗ ಬಿದ್ದ ಮೇಲೆ ಎಂಜಿನ್ ಬಿಳಿಯ ಜಾಗ ನೋಡಿ ಖುಷಿಪಡುತ್ತೆ. ಕರಿಯವರು ಎಫ್5 ತಳ್ಳಿ ರಾಜನ ಕಡೆಗೆ ನುಗ್ಗೋದನ್ನು ತಡೆಯೋಕೆ ಬಿಳಿಗೆ ಸಾಲು ಸಾಲಾಗಿ ಸರಿಯಾದ ನಡೆ ಬೇಕು. ಎಂಜಿನ್‌ಗೆ ಅದು ಸಲೀಸು, ಮನುಷ್ಯನಿಗೆ ಗಡಿಯಾರ ಓಡ್ತಿರುತ್ತೆ.

ಎಂಟನೇಮನೆ

ಡೇಟಾಬೇಸಿನ ಗೆಲುವಿನ ಶೇಕಡಾಗೂ ಇದೇ ಎಚ್ಚರ ಬೇಕು. 25 ಆಟದಲ್ಲಿ 60% ಅಂಕ ಅಂದ್ರೆ ಏನೂ ಹೇಳಿದ ಹಾಗಲ್ಲ, ಆಚೀಚೆ 8–10 ಅಂಶ ಬರೀ ಅದೃಷ್ಟದಿಂದಲೇ ಅಲ್ಲಾಡುತ್ತೆ. 400 ಆಟ ಇದ್ದರೆ ಆ ಅಲುಗಾಟ 2–2.5ಕ್ಕೆ ಇಳಿಯುತ್ತೆ. ಇನ್ನೊಂದು, ಒಂದು ನಡೆಯನ್ನು ಹೆಚ್ಚು ಆಡೋರು ಎದುರಾಳಿಗಿಂತ ಬಲಿಷ್ಠರಾಗಿದ್ದರೆ ಗೆದ್ದದ್ದು ಆ ನಡೆಯಿಂದಲ್ಲ. ಪಟ್ಟಿಯಲ್ಲಿ ಸರಾಸರಿ ರೇಟಿಂಗ್ ಕೊಟ್ಟಿದ್ದರೆ ಅದನ್ನೂ ನೋಡಿ. ಹಳೇ ಆಟಗಳು ಗೆಲುವಿನ ಲೆಕ್ಕ ಉಬ್ಬಿಸಿರುತ್ತವೆ: 1970ರಲ್ಲಿ ಗೆದ್ದ ಸಾಲಿಗೆ ಮದ್ದು 1990ರಲ್ಲಿ ಸಿಕ್ಕಿರಬಹುದು. ಅದಕ್ಕೇ ತಿಂಗಳು-ವರ್ಷದ ಸೋಸುವಿಕೆ ಬಳಸಿ, ಕಡೆಯ 10 ವರ್ಷ ಮಾತ್ರ ಬೇರೆಯಾಗಿ ನೋಡಿ.

ಗೆರೆಯಾನೆ

ಟ್ರೈನರ್ ವಿಷಯಕ್ಕೆ ಬರೋಣ, ತಪ್ಪುಗಳು ಜಾಸ್ತಿ ಆಗೋದು ಇಲ್ಲೇ.

ಮೊದಲ ತಪ್ಪು, ಇಡೀ ಸಾಲನ್ನು ಒಂದು ಪಾಠ ಅಂತ ಇಡೋದು. ಶುರುವಿನಿಂದ 10 ನಡೆ ಒಂದೇ ಉಸಿರಲ್ಲಿ ಒತ್ತಿದರೆ ಬೆರಳು ಕಲಿಯುತ್ತೆ, ಕಣ್ಣು ಕಲಿಯಲ್ಲ. 7ನೇ ನಡೆ ಬಂದದ್ದು 6ನೇದರ ಬಾಲವಾಗಿ ಮಾತ್ರ. ಒಂದು ಸ್ಥಿತಿ, ಒಂದು ನಡೆ, ಒಂದು ಕಾರ್ಡ್ (ಪ್ರಶ್ನೆ) ಅನ್ನೋ ಲೆಕ್ಕದಲ್ಲಿ ಒಡೆಯಿರಿ, ಕಲಸಿ ಕೇಳೋ ಹಾಗೆ ಮಾಡಿ.

ಎರಡನೆಯದು, ಎರಡು ಬಣ್ಣವನ್ನೂ ಒಂದೇ ಫೈಲ್‌ನಲ್ಲಿ ಇಡೋದು. ಟ್ರೈನರ್ ನಿಮ್ಮಿಂದ ಎದುರಾಳಿಯ ನಡೆಯನ್ನೂ ಕೇಳೋಕೆ ಶುರುಮಾಡುತ್ತೆ. ಬಿಳಿಗೊಂದು, ಕರಿಗೆ ಇ4 ವಿರುದ್ಧ ಒಂದು, ಡಿ4 ಮತ್ತು ಉಳಿದವಕ್ಕೆ ಒಂದು, ಹೀಗೆ 3 ಫೈಲ್ ಸಾಕು.

ಮೂರನೆಯದು, ನಿಮ್ಮ ಕಡೆಗೆ ಒಂದೇ ಸ್ಥಿತಿಯಲ್ಲಿ ಎರಡು ನಡೆ ಇಟ್ಟುಕೊಳ್ಳೋದು. ಟ್ರೈನರ್ ಒಂದನ್ನು ಸರಿ ಅನ್ನುತ್ತೆ, ಇನ್ನೊಂದು ಆಡಿದರೆ ತಪ್ಪು ಅಂತ ಕೆಂಪು ಬಳಿಯುತ್ತೆ. ಮನಸ್ಸಿಗೆ ಎರಡೂ ಮಬ್ಬಾಗುತ್ತೆ. ಎರಡನೇ ನಡೆ ಟಿಪ್ಪಣಿಯಲ್ಲಿರಲಿ, ಮರದಲ್ಲಿ ಬೇಡ.

ಮರುಪಾಠದ ಅಂತರದ ಬಗ್ಗೆ ಜಗಳ ಬೇಕಿಲ್ಲ. 1 ದಿನ, 3, 7, 16, 35 ಅಂತ ಏರಿಸುತ್ತಾ ಹೋದರೆ ಸಾಕು, ತಪ್ಪಿದ ಕಾರ್ಡ್ ಮತ್ತೆ 1ಕ್ಕೆ. ದಿನಕ್ಕೆ ಹೊಸ ಕಾರ್ಡ್ 5 ಮೀರದಿರಲಿ. 20 ಸೇರಿಸಿದರೆ ಎರಡನೇ ವಾರಕ್ಕೆ ಹೊಸವು, ಮರುಪಾಠ, ತಪ್ಪಿದವು ಎಲ್ಲ ಸೇರಿ ದಿನದ ರಾಶಿ 80–100 ಮುಟ್ಟುತ್ತೆ, ಅಲ್ಲಿಗೆ ಎಲ್ಲರೂ ಕೈಬಿಡ್ತಾರೆ.

ಪ್ರತಿ ಕಾರ್ಡಿಗೂ ಒಂದು ಸಾಲು ‘ಯಾಕೆ’ ಬರೆಯಿರಿ. ‘ಎಚ್3: ಜಿ4ಕ್ಕೆ ಒಂಟೆ ಬರದಂತೆ’ ಅಷ್ಟೇ. ಬರೆಯೋಕೆ ಆಗದಿದ್ದರೆ ಆ ನಡೆ ಇನ್ನೂ ನಿಮ್ಮದಲ್ಲ ಅಂತ.

ಕರಿಕಾಲಾಳು

ಲೀಚೆಸ್ ಸ್ಟಡಿಯಲ್ಲೇ (ನಡೆ, ಟಿಪ್ಪಣಿ ಬರೆದಿಡೋ ಜಾಗ) ಇದನ್ನು ಮಾಡಬಹುದಲ್ವಾ? ಬೇರೆ ಟ್ರೈನರ್ ಯಾಕೆ?

ಗೆರೆಯಾನೆ

ಮಾಡಬಹುದು, ಮಿತಿ ತಿಳಿದು ಮಾಡಿ. ಸ್ಟಡಿಯ ಅಧ್ಯಾಯವನ್ನು ‘ಇಂಟರಾಕ್ಟಿವ್ ಲೆಸನ್’ ಅಂತ ಬದಲಿಸಿದರೆ ಅದು ನಿಮ್ಮ ನಡೆ ಕೇಳುತ್ತೆ. ಆದರೆ ಮುಖ್ಯ ಸಾಲನ್ನು ಮಾತ್ರ ಸರಿ ಅಂತ ಒಪ್ಪುತ್ತೆ, ಪಕ್ಕದ ಕೊಂಬೆಗಳೆಲ್ಲ ‘ತಪ್ಪು ನಡೆಗೆ ವಿವರಣೆ’ಯಾಗಿಬಿಡುತ್ತವೆ. ಎದುರಾಳಿಯ 3 ಉತ್ತರಕ್ಕೆ 3 ಅಧ್ಯಾಯ ಬೇಕು. ಒಂದು ಸ್ಟಡಿಗೆ 64 ಅಧ್ಯಾಯ ಮಿತಿ, ಬೇಗ ತುಂಬುತ್ತೆ. ಸುಲಭದ ದಾರಿ: ಸ್ಟಡಿಯಲ್ಲಿ ಮರ ಕಟ್ಟಿ, ಟಿಪ್ಪಣಿ ಬರೆದು, ಪಿಜಿಎನ್ (ಆಟಗಳನ್ನು ಪಠ್ಯವಾಗಿ ಬರೆದಿಡೋ ಫೈಲ್) ಆಗಿ ಇಳಿಸಿಕೊಂಡು ಟ್ರೈನರ್‌ಗೆ ಹಾಕೋದು. ಕಟ್ಟೋ ಜಾಗ ಬೇರೆ, ಉರು ಹೊಡೆಯೋ ಜಾಗ ಬೇರೆ.

ಸೊನ್ನೆಸೊನ್ನೆ

ಪಿಜಿಎನ್ ಹಾಕುವ ಮುಂಚೆ ಟ್ರೈನರ್ ‘ಸ್ಥಿತಿ’ ನೋಡುತ್ತೋ ‘ನಡೆಗಳ ಸಾಲು’ ನೋಡುತ್ತೋ ಪರೀಕ್ಷಿಸಿ. ಎರಡು ದಾರಿ ಒಂದೇ ಜಾಗಕ್ಕೆ ಬರೋದು ಓಪನಿಂಗ್‌ನಲ್ಲಿ ದಿನನಿತ್ಯದ ಮಾತು. ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ತಗೊಳ್ಳಿ:

ಮೊದಲ ದಾರಿ: 1. ಡಿ4 ಕುದುರೆ ಎಫ್6 2. ಸಿ4 ಇ6 3. ಕುದುರೆ ಎಫ್3 ಡಿ5.
ಎರಡನೇ ದಾರಿ: 1. ಡಿ4 ಡಿ5 2. ಸಿ4 ಇ6 3. ಕುದುರೆ ಎಫ್3 ಕುದುರೆ ಎಫ್6.

ಪಟ ಒಂದೇ. ಆದರೆ ಎಫ್‌ಇಎನ್ (ಸ್ಥಿತಿಯನ್ನು ಒಂದು ಸಾಲಲ್ಲಿ ಬರೆಯೋ ಬಗೆ) ಒಂದೇ ಅಲ್ಲ! ಮೊದಲನೆಯದರಲ್ಲಿ ಕಡೆಯ ನಡೆ ಕಾಲಾಳಿನದ್ದು, ಹಾಗಾಗಿ 50 ನಡೆ ನಿಯಮದ (ಕಾಲಾಳು ನಡೆಸದೆ, ಏನೂ ತಿನ್ನದೆ 50 ನಡೆ ಆದರೆ ಡ್ರಾ) ಎಣಿಕೆ 0. ಎರಡನೆಯದರಲ್ಲಿ ಕಡೆಗೆ ಎರಡು ಕುದುರೆ ನಡೆ, ಎಣಿಕೆ 2. ಸಾಲದ್ದಕ್ಕೆ ಮೊದಲನೆಯದರಲ್ಲಿ ಡಿ7ರಿಂದ ಡಿ5ಕ್ಕೆ ಎರಡು ಮನೆ ಹಾರಿದ ಕಾರಣ ಎಫ್‌ಇಎನ್ ನಿಯಮದ ಪ್ರಕಾರ ಆಂಪಸಾಂ ಮನೆ (ಹಾಗೆ ಹಾರಿದ ಕಾಲಾಳನ್ನು ಎದುರಾಳಿ ಕಾಲಾಳು ಹೊಡೆಯುವಾಗ ಬಂದು ನಿಲ್ಲೋ ಮನೆ) ಡಿ6 ಅಂತ ಬರೆಯಬೇಕು, ಅಲ್ಲಿ ಹೊಡೆಯೋಕೆ ಬಿಳಿ ಕಾಲಾಳು ಇಲ್ಲದಿದ್ದರೂ. ಕೆಲವು ತಂತ್ರಾಂಶ ಬರೀತವೆ, ಕೆಲವು ಹೊಡೆಯೋ ಸಾಧ್ಯತೆ ಇದ್ದರೆ ಮಾತ್ರ ಬರೀತವೆ. ಇಡೀ ಎಫ್‌ಇಎನ್ ಹೋಲಿಸೋ ಟ್ರೈನರ್‌ಗೆ ಇವು ಎರಡು ಬೇರೆ ಕಾರ್ಡ್. ಒಂದರಲ್ಲಿ ನೀವು 4. ಕುದುರೆ ಸಿ3, ಇನ್ನೊಂದರಲ್ಲಿ 4. ಜಿ3 ಅಂತ ಹಾಕಿದ್ದರೂ ಅದು ಎಚ್ಚರಿಸಲ್ಲ.

ಆಂಕಿ ಅನ್ನೋ ಕಾರ್ಡ್ ತಂತ್ರಾಂಶಕ್ಕೆ ಕೈಯಾರೆ ಕಾರ್ಡ್ ಮಾಡೋರು ಎಫ್‌ಇಎನ್‌ನ ಕಡೆಯ ಎರಡು ಅಂಕಿ ಕತ್ತರಿಸಿ, ಹೊಡೆಯೋಕೆ ಆಗದ ಆಂಪಸಾಂ ಮನೆಯನ್ನು ಅಡ್ಡಗೆರೆ ಮಾಡಿ ಹೋಲಿಸಿ. ಹತ್ತು ನಿಮಿಷದ ಕೆಲಸ.

ಕುದುರೆಜಿಗಿತ

ಉರು ಹೊಡೆದದ್ದು ನಿಲ್ಲೋದು ಆಡಿದ ಮೇಲೆ. ಟ್ರೈನರ್ ಮುಗಿಸೋ ಸ್ಥಿತಿಯಿಂದ (9ನೇ ನಡೆ ಅಂದುಕೊಳ್ಳಿ) ಯಂತ್ರದ ವಿರುದ್ಧ 15 ನಿಮಿಷ ಗಡಿಯಾರ ಇಟ್ಟು ಆಡಿ. ಒಂದೇ ಸ್ಥಿತಿಯಿಂದ 4 ಆಟ, ಎರಡು ಬಿಳಿ, ಎರಡು ಕರಿ. ಎದುರಾಳಿ ಕಡೆಯಿಂದ ಆಡಿದಾಗಲೇ ನಿಮ್ಮ ಸಾಲಿನಲ್ಲಿ ಎಲ್ಲಿ ಚುಚ್ಚಬಹುದು ಅಂತ ಕಾಣೋದು.

ಮಧ್ಯದಾಟ

ಸ್ಟಾಕ್‌ಫಿಶ್ ವಿರುದ್ಧ 9ನೇ ನಡೆಯಿಂದ ಆಡಿದರೆ ನಾಲ್ಕೂ ಸೋಲು. ಸ್ಕಿಲ್ ಲೆವೆಲ್ (ಎಂಜಿನ್‌ನ ಬಲ) ಇಳಿಸಿದರೆ ಆಯ್ತಾ?

ಅರವತ್ನಾಲ್ಕು

ಸ್ಕಿಲ್ ಲೆವೆಲ್ 0ರಿಂದ 20ರವರೆಗೆ ಇದೆ. ಇಳಿಸಿದಾಗ ಅದು ಒಳಗೊಳಗೇ ಕನಿಷ್ಠ 4 ಸಾಲು ಲೆಕ್ಕಹಾಕಿ, ಕಳಪೆ ನಡೆಯನ್ನು ಒಂದಿಷ್ಟು ಯದ್ವಾತದ್ವಾ ಆರಿಸುತ್ತೆ. ಫಲ: ಹತ್ತು ನಡೆ ಗ್ರ್ಯಾಂಡ್‌ಮಾಸ್ಟರ್ ಹಾಗೆ ಆಡಿ ಹನ್ನೊಂದನೇ ನಡೆಗೆ ಸುಮ್ಮನೆ ಕುದುರೆ ಕೊಟ್ಟುಬಿಡುತ್ತೆ. 1500ರವರು ಹಾಗೆ ತಪ್ಪು ಮಾಡಲ್ಲ. ಅವರ ತಪ್ಪಿಗೆ ಒಂದು ಆಕಾರ ಇರುತ್ತೆ: ಬೇಗ ದಾಳಿಗೆ ಹೋಗ್ತಾರೆ, ಕಟ್ಟಿಹಾಕಿದ ಕುದುರೆ ಮರೀತಾರೆ, ತಿನ್ನೋಕೆ ಸಿಕ್ಕಿದ್ದನ್ನು ತಿಂತಾರೆ.

ಅದಕ್ಕೆ ಮಾಯಾ ಬಳಸಿ. ಲೀಚೆಸ್‌ನ ಮನುಷ್ಯರ ಆಟಗಳಿಂದ ಕಲಿಸಿದ ನ್ಯೂರಲ್ ಜಾಲ, 1100ರಿಂದ 1900ರವರೆಗೆ 100ರ ಅಂತರದಲ್ಲಿ 9 ಮಾದರಿಗಳು. ಲೀಲಾ ಎಂಜಿನ್ ಒಳಗೆ ಹಾಕಿ ಓಡಿಸಬೇಕು, ನೋಡ್ಸ್ (ನೋಡೋ ಸ್ಥಿತಿಗಳ ಸಂಖ್ಯೆ) 1 ಅಂತ ಕಟ್ಟಿಹಾಕಬೇಕು. ಇದನ್ನು ಮರೆತು ಸಮಯ ಕೊಟ್ಟರೆ ಅದು ಹುಡುಕಾಟ ಶುರುಮಾಡಿ ಬಲ ಏರಿಸಿಕೊಳ್ಳುತ್ತೆ, ಮನುಷ್ಯನ ಗುಣ ಹೋಗುತ್ತೆ. ಇನ್ನೊಂದು ತೊಡಕು, ನೋಡ್ಸ್ 1ರಲ್ಲಿ ಅದೇ ಸ್ಥಿತಿಗೆ ಅದೇ ಉತ್ತರ. ನಾಲ್ಕು ಆಟಕ್ಕೆ 1300, 1500, 1700 ಅಂತ ಮಾದರಿ ಬದಲಿಸಿ, ಇಲ್ಲವೇ ಶುರುವಿನ ಸ್ಥಿತಿಯನ್ನು ಒಂದು ನಡೆ ಆಚೀಚೆ ಮಾಡಿ. ಲೀಚೆಸ್‌ನಲ್ಲೇ ಮಾಯಾ1, ಮಾಯಾ5, ಮಾಯಾ9 ಹೆಸರಿನ ಬಾಟ್‌ಗಳೂ ಇವೆ: 1100, 1500, 1900.

ಸೊನ್ನೆಸೊನ್ನೆ

ಎಂಜಿನ್ ನಿಮಗೆ ಬೇಕಾದ ಸಾಲುಗಳನ್ನೇ ಆಡಬೇಕು ಅಂದ್ರೆ ಪಾಲಿಗ್ಲಾಟ್ ತಂತ್ರಾಂಶದಲ್ಲಿ ಓಪನಿಂಗ್ ಪುಸ್ತಕ (ಎಂಜಿನ್ ಆಡಬೇಕಾದ ನಡೆಗಳ ಫೈಲ್) ಕಟ್ಟಿ. ನಿಮ್ಮ ಪಿಜಿಎನ್ ಕೊಟ್ಟರೆ ಬಿನ್ ಫೈಲ್ ಮಾಡಿಕೊಡುತ್ತೆ, ಅರೆನಾ, ಸ್ಕಿಡ್ ವರ್ಸಸ್ ಪಿಸಿ ಮುಂತಾದ ಚೆಸ್ ತಂತ್ರಾಂಶಗಳು ಅದನ್ನು ಓದುತ್ತವೆ. ಉದ್ದದ ಮಿತಿಯನ್ನು ಅರ್ಧ ನಡೆಗಳಲ್ಲಿ ಕೊಡಬೇಕು, 10 ನಡೆಗೆ 20.

ಮಧ್ಯದಾಟ

ಹಾಗೆ ಮಾಡಿದರೆ ಬಹುತೇಕ ಖಾಲಿ ಪುಸ್ತಕ ಬರುತ್ತೆ. ಮೊದಲ ಎರಡು ನಡೆ ಆಡಿ ಎಂಜಿನ್ ತನ್ನ ದಾರಿ ಹಿಡಿಯುತ್ತೆ.

ಸೊನ್ನೆಸೊನ್ನೆ

ಹೌದು, ಹೇಳದೆ ಬಿಟ್ಟದ್ದು ನನ್ನ ತಪ್ಪು. ಎರಡು ಕಾರಣ ಇರುತ್ತೆ. ಒಂದು, ಕನಿಷ್ಠ ಆಟಗಳ ಸಂಖ್ಯೆ ತಾನಾಗಿ 3 ಇರುತ್ತೆ: ಮೂರಕ್ಕಿಂತ ಕಮ್ಮಿ ಸಲ ಬಂದ ನಡೆ ಕಸದ ಬುಟ್ಟಿಗೆ. ಸ್ವಂತ ಫೈಲ್‌ನಲ್ಲಿ ಪ್ರತಿ ಸಾಲು ಒಂದೇ ಸಲ ಇರೋದು, ಅದನ್ನು 1 ಮಾಡಿ. ಎರಡು, ಪಾಲಿಗ್ಲಾಟ್ ಆವರಣದೊಳಗಿನ ಉಪಸಾಲುಗಳನ್ನು ಓದಲ್ಲ, ಮುಖ್ಯ ಸಾಲು ಮಾತ್ರ. ಮರದಂತಿರೋ ಪಿಜಿಎನ್ ಅನ್ನು ಮೊದಲು ಪಿಜಿಎನ್-ಎಕ್ಸ್‌ಟ್ರ್ಯಾಕ್ಟ್ ಅನ್ನೋ ತಂತ್ರಾಂಶದಲ್ಲಿ ಉಪಸಾಲು ಒಡೆಯೋ ಆಯ್ಕೆ ಹಾಕಿ ಬೇರೆ ಬೇರೆ ಆಟಗಳಾಗಿ ಬಿಡಿಸಿ. ಫಲಿತಾಂಶದ ಜಾಗದಲ್ಲಿ ನಕ್ಷತ್ರ ಇದ್ದರೆ ತೊಂದರೆಯಿಲ್ಲ, ಡ್ರಾ ಥರ ಎಣಿಸುತ್ತೆ. 0-1 (ಕರಿ ಗೆದ್ದದ್ದು) ಅಂತ ಬರೆದಿದ್ದರೆ ಬಿಳಿಯ ನಡೆಗಳಿಗೆ ತೂಕ ಸೊನ್ನೆ ಬೀಳುತ್ತೆ.

ಎಂಟನೇಮನೆ

ನಿಜವಾದ ಆಟ ಮುಗಿದ ಮೇಲಿನ 3 ನಿಮಿಷ ಇದೆಲ್ಲಕ್ಕಿಂತ ಬೆಲೆಯುಳ್ಳದ್ದು. ಎಂಜಿನ್ ಹಾಕೋ ಮುಂಚೆ ಸ್ವಂತ ಫೈಲ್ ತೆರೆದು ದಾರಿ ಯಾರು ಬಿಟ್ಟರು ಅಂತ ನೋಡಿ. ನೀವು ಬಿಟ್ಟಿದ್ದರೆ ಆ ಕಾರ್ಡ್ 1 ದಿನಕ್ಕೆ ವಾಪಸ್. ಎದುರಾಳಿ ಬಿಟ್ಟಿದ್ದು ಫೈಲ್‌ನಲ್ಲಿ ಇಲ್ಲದ ನಡೆಯಾದರೆ ಎಕ್ಸ್‌ಪ್ಲೋರರ್‌ನಲ್ಲಿ ಎಷ್ಟು ಸಲ ಬರುತ್ತೆ ನೋಡಿ, 1% ದಾಟಿದರೆ ಒಂದು ಉತ್ತರ ಸೇರಿಸಿ, ಇಲ್ಲದಿದ್ದರೆ ಬಿಡಿ. ಒಂದು ಆಟಕ್ಕೆ ಒಂದೇ ಕಾರ್ಡ್ ಸೇರಲಿ. ಎಕ್ಸ್‌ಪ್ಲೋರರ್‌ನ ‘ಆಟಗಾರ’ ಪುಟದಲ್ಲಿ ಸ್ವಂತ ಖಾತೆ ಹೆಸರು, ಬಣ್ಣ ಹಾಕಿದರೆ ಯಾವ ಕೊಂಬೆಯಲ್ಲಿ ಸೋಲು ಗುಡ್ಡೆಯಾಗಿದೆ ಅಂತ ಒಂದೇ ನೋಟಕ್ಕೆ ಸಿಗುತ್ತೆ.

ಗೊತ್ತಿದ್ದರೂ ಹೇಳಿಬಿಡ್ತೀನಿ: ನಡೀತಿರೋ ಆಟದಲ್ಲಿ ಎಂಜಿನ್ ಮುಟ್ಟೋ ಹಾಗಿಲ್ಲ. ದಿನಗಟ್ಟಲೆ ನಡೆಯೋ ಕರೆಸ್ಪಾಂಡೆನ್ಸ್ ಆಟಗಳಲ್ಲಿ ಲೀಚೆಸ್, ಚೆಸ್ ಡಾಟ್ ಕಾಮ್ ಎರಡೂ ಓಪನಿಂಗ್ ಡೇಟಾಬೇಸ್ ನೋಡೋಕೆ ಬಿಡ್ತವೆ, ಎಂಜಿನ್‌ಗೆ ಅಲ್ಲೂ ಬಿಡಲ್ಲ. ಹೊಸ ಓಪನಿಂಗ್ ಕಲಿಯೋಕೆ ಅದು ಒಳ್ಳೆ ಜಾಗ, ಪ್ರತಿ ನಡೆಗೂ ಡೇಟಾಬೇಸ್ ಮುಂದೆ ಕೂತು ಯೋಚಿಸಬಹುದು.

ಕರಿಕಾಲಾಳು

3 ಫೈಲ್ ಶುರುಮಾಡಿದೆ. ಒಂದು ಚಿಲ್ಲರೆ ಪ್ರಶ್ನೆ: ‘ಯಾಕೆ’ ಸಾಲನ್ನು ಕನ್ನಡದಲ್ಲಿ ಬರೆದರೆ ಹಳೇ ತಂತ್ರಾಂಶವೊಂದರಲ್ಲಿ ಅಕ್ಷರಗಳ ಬದಲು ಏನೇನೋ ಗೀಚು ಬರುತ್ತೆ. ಲೀಚೆಸ್‌ನಲ್ಲಿ ಸರಿಯಾಗಿ ಕಾಣುತ್ತೆ.

ಸೊನ್ನೆಸೊನ್ನೆ

1994ರ ಪಿಜಿಎನ್ ನಿಯಮಾವಳಿ ಲ್ಯಾಟಿನ್-1 (ಪಶ್ಚಿಮ ಯುರೋಪಿನ) ಅಕ್ಷರಗಳಿಗೆ ಬರೆದದ್ದು, ಹಳೇ ತಂತ್ರಾಂಶ ಈಗಲೂ ಹಾಗೇ ಓದುತ್ತೆ. ಲೀಚೆಸ್ ಕೊಡೋದು ಯುಟಿಎಫ್-8, ಅದರಲ್ಲಿ ಕನ್ನಡವೂ ಸೇರುತ್ತೆ. ಗೀಚು ಕಂಡಾಗ ಆ ತಂತ್ರಾಂಶದಲ್ಲಿ ‘ಸೇವ್’ ಮಾತ್ರ ಒತ್ತಬೇಡಿ, ಒತ್ತಿದರೆ ಗೀಚೇ ಫೈಲ್‌ಗೆ ಬರೆದುಹೋಗಿ ಮೂಲ ಕಳೆದುಹೋಗಬಹುದು. ಮೂಲ ಫೈಲ್ ಬೇರೆ ಕಡೆ ಇಟ್ಟು, ಹಳೇದಕ್ಕೆ ಕೊಡೋ ಪ್ರತಿಯಲ್ಲಿ ಟಿಪ್ಪಣಿಗಳನ್ನು ಕಿತ್ತುಹಾಕಿ. ಪಿಜಿಎನ್-ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಅದಕ್ಕೂ ಆಯ್ಕೆ ಇದೆ.